ಒಳ್ಳೆ ಸಾಫ್ಟ್‌ವೇರ್ ಕಂಡರೂ ಆಂಟಿವೈರಸ್ ಯಾಕೆ ಕೂಗುತ್ತದೆ?

ಆಂಟಿವೈರಸ್ ಒಂದು ಡೌನ್‌ಲೋಡನ್ನು ತಡೆದು ಕೆಂಪು ಎಚ್ಚರಿಕೆ ತೋರಿಸಿದಾಗ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಗಾಬರಿಯಾಗಿ ಫೈಲ್ ಅಳಿಸಿ, ಅದನ್ನು ಮಾಡಿದವರನ್ನು ಬೈದುಕೊಂಡು ಸುಮ್ಮನಾಗುತ್ತಾರೆ. ಇನ್ನು ಕೆಲವರು ಇದರ ಗೋಳು ಯಾವಾಗಲೂ ಇದ್ದದ್ದೇ ಎಂದು ಆಂಟಿವೈರಸ್ಸನ್ನೇ ಆಫ್ ಮಾಡಿ ಮುಂದೆ ಹೋಗುತ್ತಾರೆ. ಇಬ್ಬರೂ ಒಂದು ಕೆಲಸ ಬಿಟ್ಟಿರುತ್ತಾರೆ. ಎಚ್ಚರಿಕೆಯಲ್ಲಿ ಏನು ಬರೆದಿದೆ ಅಂತ ಓದಿರುವುದಿಲ್ಲ.

ಓದಿದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ. ಆಂಟಿವೈರಸ್ ಹೇಳುವ ಮಾತುಗಳಲ್ಲಿ ಕೆಲವು ಖಚಿತ ಗುರುತು. ಕೆಲವು ಊಹೆ. ಇನ್ನು ಕೆಲವು ಬರೀ 'ಈ ಫೈಲನ್ನು ನಾನು ಇಲ್ಲಿಯವರೆಗೆ ನೋಡಿಲ್ಲ' ಅನ್ನುವಷ್ಟೇ. ಪರದೆಯ ಮೇಲೆ ಮೂರೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಆದರೆ ಮೂರಕ್ಕೂ ಕೊಡಬೇಕಾದ ಬೆಲೆ ಬೇರೆ ಬೇರೆ.

ಮೊದಲನೆಯದು ಸುಲಭ. ಒಂದು ಮಾಲ್‌ವೇರ್ (ಹಾನಿ ಮಾಡಲೆಂದೇ ಬರೆದ ಪ್ರೋಗ್ರಾಂ) ಫೈಲ್ ಆಂಟಿವೈರಸ್ ಕಂಪನಿಯವರ ಕೈಗೆ ಸಿಕ್ಕಿತು ಅಂದರೆ, ಅದರ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಒಂದು ಗುರುತು) ಅಥವಾ ಅದರೊಳಗಿನ ವಿಶಿಷ್ಟ ಬೈಟ್‌ಗಳ ಸಾಲನ್ನು ಬರೆದಿಟ್ಟುಕೊಳ್ಳುತ್ತಾರೆ. ಇದಕ್ಕೆ ಸಿಗ್ನೇಚರ್ ಅನ್ನುತ್ತಾರೆ. ನಿಮ್ಮ ಫೈಲಿನಲ್ಲಿ ಅದೇ ಸಾಲು ಸಿಕ್ಕರೆ ಎಚ್ಚರಿಕೆ ಬರುತ್ತದೆ. ಸಿಗ್ನೇಚರ್ ಸರಿಯಾಗಿ ಬರೆದಿದ್ದರೆ ಇಲ್ಲಿ ತಪ್ಪು ಕಡಿಮೆ.

ಬರೀ ಇದನ್ನೇ ನಂಬಿ ಕೂತರೆ ಕೆಲಸ ಆಗುವುದಿಲ್ಲ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ದಿನಕ್ಕೆ 4,50,000ಕ್ಕಿಂತ ಜಾಸ್ತಿ ಹೊಸ ಮಾಲ್‌ವೇರ್ ಮತ್ತು ಬೇಡದ ಪ್ರೋಗ್ರಾಂಗಳನ್ನು ದಾಖಲಿಸುತ್ತದೆ. ಇವುಗಳಲ್ಲಿ ಎಷ್ಟೋ ಹಳೆಯದನ್ನೇ ಸ್ವಲ್ಪ ತಿರುಚಿ ಹೊರಬಿಟ್ಟವು. ಒಂದು ಬೈಟ್ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಹಾಗಾಗಿ ಆಂಟಿವೈರಸ್ ಊಹೆಗೆ ಇಳಿಯಲೇಬೇಕು. ಈ ಫೈಲ್ ಯಾವ ಮಾಲ್‌ವೇರ್ ಅಂತ ಗೊತ್ತಿಲ್ಲ, ಆದರೆ ನೋಡಲು ಹಾಗೇ ಇದೆ ಎನ್ನುವುದನ್ನು ಅದು ಕಲಿಯಬೇಕು. ಒಳ್ಳೆ ಸಾಫ್ಟ್‌ವೇರ್ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ.

ನೋಡಲು ಹಾಗೇ ಇರುವುದು ಅಂದರೆ ಏನು? ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಬ್ಬರು ಪೈಥಾನ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆಯುತ್ತಾರೆ, ಫೋಟೋಗಳ ಹೆಸರನ್ನು ಒಟ್ಟಿಗೆ ಬದಲಿಸುವ ಥರದ್ದು. ಬಳಸುವವರ ಕಂಪ್ಯೂಟರ್‌ನಲ್ಲಿ ಪೈಥಾನ್ ಇರುವುದಿಲ್ಲ. ಅದಕ್ಕೇ ಪೈಇನ್‌ಸ್ಟಾಲರ್ ಎಂಬ ಸಾಧನ ಬಳಸಿ, ಪ್ರೋಗ್ರಾಂ ಮತ್ತು ಪೈಥಾನ್ ಎರಡನ್ನೂ ಒಂದೇ ಇಎಕ್ಸ್‌ಇ ಫೈಲಿಗೆ ಕಟ್ಟುತ್ತಾರೆ. ಆ ಫೈಲನ್ನು ಡಬಲ್ ಕ್ಲಿಕ್ ಮಾಡಿದಾಗ ಮೊದಲು ಓಡುವುದು ಬೂಟ್‌ಲೋಡರ್ ಎಂಬ ಚಿಕ್ಕ ತುಂಡು. ಅದು ಒಳಗಿರುವುದನ್ನೆಲ್ಲ ತಾತ್ಕಾಲಿಕ ಫೋಲ್ಡರ್‌ಗೆ ಬಿಚ್ಚಿ ಹಾಕಿ, ಅಲ್ಲಿಂದ ಓಡಿಸುತ್ತದೆ. ಈಗ ಆಂಟಿವೈರಸ್ ಕಣ್ಣಿನಿಂದ ನೋಡಿ. ಯಾರ ಡಿಜಿಟಲ್ ಸಹಿಯೂ (ಮಾಡಿದವರು ಯಾರು ಎಂದು ತೋರಿಸುವ ಮುದ್ರೆ) ಇಲ್ಲದ ಒಂದು ಫೈಲ್ ತನ್ನ ಹೊಟ್ಟೆಯಿಂದ ಇನ್ನಷ್ಟು ಫೈಲ್‌ಗಳನ್ನು ತೆಗೆದು ತಾತ್ಕಾಲಿಕ ಫೋಲ್ಡರ್‌ನಲ್ಲಿ ಇಟ್ಟು ಓಡಿಸುತ್ತಿದೆ. ಮಾಲ್‌ವೇರ್ ಮಾಡುವುದೂ ಇದನ್ನೇ. ಸಾಲದ್ದಕ್ಕೆ ಮಾಲ್‌ವೇರ್ ಬರೆಯುವವರೂ ಇದೇ ಪೈಇನ್‌ಸ್ಟಾಲರ್ ಬಳಸುತ್ತಾರೆ. ಹಾಗಾಗಿ ಅದೇ ಬೂಟ್‌ಲೋಡರ್ ಒಳ್ಳೆಯವರ ಫೈಲಿನಲ್ಲೂ ಇರುತ್ತದೆ, ಕೆಟ್ಟವರ ಫೈಲಿನಲ್ಲೂ ಇರುತ್ತದೆ. ಎಲ್ಲೋ ಒಂದು ಕಂಪನಿ ಮಾಲ್‌ವೇರ್‌ಗೆ ಗುರುತು ಬರೆಯುವಾಗ ಎಚ್ಚರ ತಪ್ಪಿ ಬೂಟ್‌ಲೋಡರ್‌ನ ಬೈಟ್‌ಗಳನ್ನೇ ಆರಿಸಿಕೊಂಡರೆ ಮುಗಿಯಿತು. ಅವತ್ತಿನಿಂದ ಅದೇ ಆವೃತ್ತಿ ಬಳಸಿ ಕಟ್ಟಿದ ಎಷ್ಟೋ ಪ್ರೋಗ್ರಾಂಗಳು ಅದರ ಕಣ್ಣಿಗೆ ಟ್ರೋಜನ್ (ಒಳ್ಳೆಯದರ ವೇಷ ಹಾಕಿದ ಮಾಲ್‌ವೇರ್) ಆಗಿಬಿಡುತ್ತವೆ.

ಗೋ ಭಾಷೆಯಲ್ಲೂ ಇದೇ ಕಥೆ. ವೈರಸ್ ಸ್ಕ್ಯಾನರ್ ಯಾಕೆ ನಮ್ಮ ಪ್ರೋಗ್ರಾಂ ಮೇಲೆ ಅನುಮಾನ ಪಡುತ್ತದೆ ಎಂಬ ಪ್ರಶ್ನೆಗೆ ಆ ಭಾಷೆಯ ಅಧಿಕೃತ ಪ್ರಶ್ನೋತ್ತರ ಪುಟದಲ್ಲೇ ಉತ್ತರವಿದೆ. ಇನ್ನು ಫೈಲಿನ ಗಾತ್ರ ಇಳಿಸುವ ಯುಪಿಎಕ್ಸ್‌ನಂಥ ಪ್ಯಾಕರ್‌ಗಳು. ಇವು ಪ್ರೋಗ್ರಾಂ ಅನ್ನು ಬೀಗ ಹಾಕಿದ ಪೆಟ್ಟಿಗೆ ಮಾಡಿಬಿಡುತ್ತವೆ. ಒಳಗೆ ಏನಿದೆ ಅಂತ ಹೊರಗಿನಿಂದ ಕಾಣದೇ ಇರುವುದೇ ಅನುಮಾನಕ್ಕೆ ಕಾರಣವಾಗುತ್ತದೆ.

ಇನ್ನೊಂದು ಗುಂಪಿನ ಕಷ್ಟ ಬೇರೆ. ಅಲ್ಲಿ ಕೆಲಸವೇ ಅನುಮಾನ ಹುಟ್ಟಿಸುವಂಥದ್ದು. ಕೀಬೋರ್ಡ್ ಶಾರ್ಟ್‌ಕಟ್ ಮಾಡಿಕೊಡುವ ಆಟೋಹಾಟ್‌ಕೀ ಎಂಬ ಸಾಧನ ನಿಮ್ಮ ಕೀಬೋರ್ಡಿನ ಒತ್ತುಗಳನ್ನು ಗಮನಿಸಲೇಬೇಕು, ಇಲ್ಲದಿದ್ದರೆ ಶಾರ್ಟ್‌ಕಟ್ ಕೆಲಸ ಮಾಡುವುದಿಲ್ಲ. ನೀವು ಒತ್ತಿದ್ದನ್ನು ಕದ್ದು ಬರೆದಿಡುವ ಕೀಲಾಗರ್ ಮಾಡುವುದೂ ಅದನ್ನೇ. ಮರೆತ ಪಾಸ್‌ವರ್ಡನ್ನು ಬ್ರೌಸರ್‌ನಿಂದ ತೆಗೆದು ತೋರಿಸುವ ನಿರ್‌ಸಾಫ್ಟ್‌ನ ಸಾಧನಗಳು ಮನೆಯ ಮಾಲೀಕನ ಕೈಯಲ್ಲಿ ಉಪಕಾರಿ, ಒಳನುಗ್ಗಿದವನ ಕೈಯಲ್ಲಿ ಆಯುಧ. ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್‌ಗಳೂ ಹಾಗೇ. ಇಲ್ಲಿ ಆಂಟಿವೈರಸ್ ತಪ್ಪು ಮಾಡಿದೆ ಅನ್ನುವುದು ಪೂರ್ತಿ ಸರಿಯಲ್ಲ. ಅದು ಸಾಧನವನ್ನು ಗುರುತಿಸಿದೆ, ಅದರ ಹಿಂದಿನ ಉದ್ದೇಶ ಅದಕ್ಕೆ ಕಾಣುವುದಿಲ್ಲ ಅಷ್ಟೇ.

ಉದ್ದೇಶ ಕಾಣದಿರುವುದು ಇವತ್ತಿನ ತಂತ್ರಜ್ಞಾನದ ಕೊರತೆ, ನಾಳೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಕಂಪ್ಯೂಟರ್ ವೈರಸ್ ಬಗ್ಗೆ 1980ರ ದಶಕದಲ್ಲೇ ಸಂಶೋಧನೆ ಮಾಡಿದ ಫ್ರೆಡ್ ಕೋಹೆನ್, ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಪತ್ತೆ ಹಚ್ಚುವ ಪ್ರೋಗ್ರಾಂ ಬರೆಯಲು ಸಾಧ್ಯವೇ ಇಲ್ಲ ಎಂದು ಗಣಿತದಿಂದ ತೋರಿಸಿದರು. ಅಂದರೆ ಆಂಟಿವೈರಸ್ ಮಾಡುವವರಿಗೆ ಇರುವ ಆಯ್ಕೆ ಒಂದೇ. ಜಾಸ್ತಿ ಹಿಡಿಯಬೇಕಾ, ಹುಸಿ ಎಚ್ಚರಿಕೆ ಕಡಿಮೆ ಕೊಡಬೇಕಾ ಎಂಬ ಗೆರೆಯನ್ನು ಎಲ್ಲೋ ಒಂದು ಕಡೆ ಎಳೆಯಬೇಕು.

ಹೆಸರಿನಲ್ಲೇ ಸುಳಿವಿದೆ

ಎಚ್ಚರಿಕೆಯ ಜೊತೆ ಒಂದು ವಿಚಿತ್ರ ಹೆಸರು ಬರುತ್ತದಲ್ವಾ? ಅದನ್ನು ಬಿಡಿಬಿಡಿಯಾಗಿ ನೋಡಬೇಕು. ಹೆಸರಿನಲ್ಲಿ 'ಹ್ಯೂರ್' ಇದ್ದರೆ ಅದು ಹ್ಯೂರಿಸ್ಟಿಕ್, ಅಂದರೆ ಊಹೆ. 'ಜೆನ್' ಅಥವಾ 'ಜೆನೆರಿಕ್' ಇದ್ದರೆ ಯಾವ ಮಾಲ್‌ವೇರ್ ಅಂತ ಹೇಳದೆ ಒಂದು ದೊಡ್ಡ ಗುಂಪಿಗೆ ಸೇರಿಸಿದೆ ಅಂತ ಅರ್ಥ. ಮೈಕ್ರೋಸಾಫ್ಟ್ ಡಿಫೆಂಡರ್ ಕೊಡುವ ಹೆಸರಿನ ಕೊನೆಯಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ, ಅದರ ಮುಂದೆ 'ಎಂಎಲ್' ಅಂತ ಇದ್ದರೆ ಅದು ಮಷಿನ್ ಲರ್ನಿಂಗ್ ಕೊಟ್ಟ ತೀರ್ಪು. ಒಂದು ಗಣಿತದ ಮಾದರಿ ಆ ಫೈಲಿನ ನೂರಾರು ಲಕ್ಷಣ ಲೆಕ್ಕ ಹಾಕಿ, ಕೆಟ್ಟದ್ದಿರುವ ಸಾಧ್ಯತೆ ಜಾಸ್ತಿ ಎಂದಿದೆ. ಸಣ್ಣ ಡೆವಲಪರ್‌ಗಳು ಪದೇ ಪದೇ ಎದುರಿಸುವ 'ವಕಾಟ್ಯಾಕ್' ಎಂಬ ಹೆಸರು ಎಷ್ಟೋ ಸಲ ಹೀಗೆ ಎಂಎಲ್ ಬಾಲದ ಜೊತೆಗೇ ಬರುತ್ತದೆ.

'ಪಿಯುಎ' ಅಥವಾ 'ಪಿಯುಪಿ' ಅಂದರೆ ಬೇಡವಾಗಬಹುದಾದ ಪ್ರೋಗ್ರಾಂ. ಇನ್‌ಸ್ಟಾಲರ್ ಜೊತೆ ಜಾಹೀರಾತು ಅಥವಾ ಇನ್ನೊಂದು ಸಾಫ್ಟ್‌ವೇರ್ ಸೇರಿಸಿ ತಳ್ಳುವಂಥವು ಇಲ್ಲಿ ಬರುತ್ತವೆ. ಕ್ಯಾಸ್ಪರ್‌ಸ್ಕಿಯಂತೂ ಕೆಲವಕ್ಕೆ 'ನಾಟ್-ಎ-ವೈರಸ್' ಎಂದೇ ಹೆಸರು ಕೊಡುತ್ತದೆ. ಇದಕ್ಕೆ ಎದುರಾಗಿ, ಒಂದು ನಿರ್ದಿಷ್ಟ ಮಾಲ್‌ವೇರ್ ಕುಟುಂಬದ ಹೆಸರು ಬಂದು, ಬೇರೆ ಬೇರೆ ಕಂಪನಿಗಳೂ ಅದೇ ಕುಟುಂಬವನ್ನು ಹೆಸರಿಸಿದರೆ, ಆ ಫೈಲ್ ಮುಟ್ಟದಿರುವುದೇ ಒಳ್ಳೆಯದು.

ಇನ್ನು ವಿಂಡೋಸ್‌ನ ನೀಲಿ ಎಚ್ಚರಿಕೆ ಪರದೆ ಬೇರೆಯೇ ವಿಷಯ. 'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಎಂದು ತೋರಿಸುವುದು ಸ್ಮಾರ್ಟ್‌ಸ್ಕ್ರೀನ್. ನೀವು ಇಂಟರ್ನೆಟ್‌ನಿಂದ ಇಳಿಸಿದ ಫೈಲಿಗೆ ಬ್ರೌಸರ್ ಒಂದು ಅದೃಶ್ಯ ಚೀಟಿ ಅಂಟಿಸುತ್ತದೆ, 'ಇದು ಹೊರಗಿನಿಂದ ಬಂದದ್ದು' ಅಂತ. ಸ್ಮಾರ್ಟ್‌ಸ್ಕ್ರೀನ್ ಆ ಚೀಟಿ ನೋಡಿ ಫೈಲಿನ ಖ್ಯಾತಿ ವಿಚಾರಿಸುತ್ತದೆ. ಎಷ್ಟು ಜನ ಇದನ್ನು ಇಳಿಸಿದ್ದಾರೆ? ಯಾರ ಸಹಿ ಇದೆ? ಸಹಿ ಹಾಕಿದವರ ಖ್ಯಾತಿ ಹೇಗಿದೆ? ಹೊಸ ಆವೃತ್ತಿ ಇವತ್ತು ಬೆಳಿಗ್ಗೆ ಬಿಡುಗಡೆಯಾಗಿದ್ದರೆ, ಅದರ ಹ್ಯಾಶ್ ಹೊಸದು. ಸಹಿಯೂ ಇಲ್ಲದಿದ್ದರೆ ಅದಕ್ಕೆ ಖ್ಯಾತಿಯೇ ಇಲ್ಲ. ಹತ್ತು ವರ್ಷ ಜನ ನಂಬಿ ಬಳಸಿದ ಸಾಫ್ಟ್‌ವೇರ್ ಆದರೂ ಪ್ರತಿ ಬಿಡುಗಡೆಯಲ್ಲಿ ಮತ್ತೆ ಅಪರಿಚಿತ. ಈ ಪರದೆ ಬಂದಾಗ ಹೆಚ್ಚಿನ ಸಲ ಫೈಲಿನೊಳಗೆ ಏನೋ ಕೆಟ್ಟದ್ದು ಸಿಕ್ಕಿದೆ ಅಂತಲ್ಲ, ಗುರುತಿಲ್ಲ ಅಂತ.

ಸಹಿ ಹಾಕಿಸಿಕೊಂಡರೆ ಆಯಿತಲ್ಲ ಎಂದು ಕೇಳಬಹುದು. ಅದಕ್ಕೆ ಬೇಕಾದ ಕೋಡ್ ಸೈನಿಂಗ್ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ವರ್ಷ ವರ್ಷವೂ ದುಡ್ಡು ಕೊಡಬೇಕು, ಗುರುತಿನ ದಾಖಲೆ ಕೊಡಬೇಕು. 2023ರ ಜೂನ್ 1ರಿಂದ ಅದರ ಖಾಸಗಿ ಕೀಯನ್ನು (ಸಹಿ ಹಾಕಲು ಬಳಸುವ ಗುಟ್ಟಿನ ಸಂಕೇತ) ಸುರಕ್ಷಿತ ಹಾರ್ಡ್‌ವೇರ್‌ನಲ್ಲೇ ಇಡಬೇಕು ಎಂಬ ನಿಯಮವೂ ಬಂದಿದೆ. ನಿಯಮ ಸರಿಯೇ, ಕೀ ಕದ್ದು ಮಾಲ್‌ವೇರ್‌ಗೆ ಸಹಿ ಹಾಕುವುದು ಇದರಿಂದ ಕಷ್ಟವಾಗುತ್ತದೆ. ಆದರೆ ಬಿಡುವಿನ ವೇಳೆಯಲ್ಲಿ ಉಚಿತ ಸಾಫ್ಟ್‌ವೇರ್ ಬರೆದು ಹಂಚುವ ಒಬ್ಬ ವ್ಯಕ್ತಿಗೆ ಇದು ದೊಡ್ಡ ಹೊರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಸಹಿ ಇಲ್ಲ ಅನ್ನುವುದನ್ನು ಕಳ್ಳತನದ ಲಕ್ಷಣ ಅಂತ ಓದಿದರೆ ಅತಿ ಹೆಚ್ಚು ಪೆಟ್ಟು ಬೀಳುವುದು ಇಂಥ ನಿಸ್ವಾರ್ಥ ಕೆಲಸಗಾರರಿಗೆ.

ಎಲ್ಲಿಂದ ಇಳಿಸಿದಿರಿ ಎಂಬುದೇ ದೊಡ್ಡ ಪ್ರಶ್ನೆ

ಈಗ ಒಂದು ಲೆಕ್ಕ. ಇದು ನಾನು ಸುಮ್ನೆ ಉದಾಹರಣೆಗೆ ಇಟ್ಟುಕೊಂಡ ಸಂಖ್ಯೆ, ಯಾವ ಕಂಪನಿಯದ್ದೂ ಅಲ್ಲ. ಒಂದು ಆಂಟಿವೈರಸ್ ನೂರು ಮಾಲ್‌ವೇರ್‌ಗಳಲ್ಲಿ 99 ಹಿಡಿಯುತ್ತದೆ, ಸಾವಿರ ಒಳ್ಳೆ ಫೈಲ್‌ಗಳಲ್ಲಿ ಒಂದನ್ನು ತಪ್ಪಾಗಿ ಹಿಡಿಯುತ್ತದೆ ಅಂದುಕೊಳ್ಳಿ. ಬಹಳ ಒಳ್ಳೆ ಆಂಟಿವೈರಸ್ ಅದು.

ಅಧಿಕೃತ ತಾಣಗಳಿಂದ ಮಾತ್ರ ಇಳಿಸುವ ಜನರ 10,000 ಫೈಲ್ ತೆಗೆದುಕೊಳ್ಳಿ. ಅದರಲ್ಲಿ ಒಂದೇ ಒಂದು ಕೆಟ್ಟದ್ದು ಇದೆ ಅನ್ನೋಣ. ಆ ಒಂದು ಸಿಕ್ಕಿಬೀಳುವುದು ಹೆಚ್ಚುಕಮ್ಮಿ ಖಚಿತ. ಜೊತೆಗೆ ಉಳಿದ 9,999 ಒಳ್ಳೆ ಫೈಲ್‌ಗಳಲ್ಲಿ ಸುಮಾರು ಹತ್ತು ತಪ್ಪಾಗಿ ಸಿಕ್ಕಿಬೀಳುತ್ತವೆ. ಅಂದರೆ ಹನ್ನೊಂದು ಎಚ್ಚರಿಕೆಯಲ್ಲಿ ಹತ್ತು ಹುಸಿ.

ಈಗ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಪುಕ್ಕಟೆ ಲೈಸೆನ್ಸ್ ಕೀ, ಗೇಮ್ ಚೀಟ್ ಹುಡುಕುವವರ 10,000 ಫೈಲ್ ತೆಗೆದುಕೊಳ್ಳಿ. ಅಲ್ಲಿ 2,000 ಕೆಟ್ಟವು ಅನ್ನೋಣ. ಅದೇ ಆಂಟಿವೈರಸ್ 1,980 ಹಿಡಿಯುತ್ತದೆ, ಎಂಟು ಒಳ್ಳೆಯದನ್ನು ತಪ್ಪಾಗಿ ಹಿಡಿಯುತ್ತದೆ. ಇಲ್ಲಿ ಎಚ್ಚರಿಕೆ ಬಂದರೆ ಅದು ನಿಜ ಅಂತ ಕಣ್ಣು ಮುಚ್ಚಿ ನಂಬಬಹುದು.

ಆಂಟಿವೈರಸ್ ಅದೇ, ಎಚ್ಚರಿಕೆ ಅದೇ. ಅರ್ಥ ಬದಲಾಗಿದ್ದು ಫೈಲ್ ಬಂದ ದಾರಿಯಿಂದ. ಆದ್ದರಿಂದ 'ಇದು ಹುಸಿ ಎಚ್ಚರಿಕೆ, ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ' ಎಂದು ಕ್ರ್ಯಾಕ್ ಹಂಚುವವನು ಬರೆದರೆ ಅಲ್ಲಿಂದ ಎದ್ದು ಹೊರಡಿ. ಅದೇ ಸಾಲನ್ನು ವರ್ಷಗಟ್ಟಲೆ ತನ್ನ ಸೋರ್ಸ್ ಕೋಡ್ ಬಯಲಿಗಿಟ್ಟ ಡೆವಲಪರ್ ಬರೆದರೂ ನನಗೆ ಇಷ್ಟವಾಗುವುದಿಲ್ಲ. ಆಂಟಿವೈರಸ್ ಆಫ್ ಮಾಡುವ ಅಭ್ಯಾಸವನ್ನು ಯಾರೂ ಕಲಿಸಬಾರದು.

ದೊಡ್ಡವರ ಸಾಫ್ಟ್‌ವೇರ್ ಕೂಡ ಇದರಿಂದ ತಪ್ಪಿಸಿಕೊಂಡಿಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿ ಕಳಿಸಿದ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ತಳಪಾಯದ ಫೈಲ್ ಆದ ಎಸ್‌ವಿಸಿಹೋಸ್ಟ್ ಅನ್ನು ವೈರಸ್ ಎಂದು ತಿಳಿಯಿತು. ಕಂಪ್ಯೂಟರ್‌ಗಳು ನೆಟ್‌ವರ್ಕ್ ಕಳೆದುಕೊಂಡು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. 2011ರಲ್ಲಿ ಮೈಕ್ರೋಸಾಫ್ಟ್‌ನ ಆಂಟಿವೈರಸ್ ಗೂಗಲ್ ಕ್ರೋಮನ್ನು ಬ್ಯಾಂಕ್ ಪಾಸ್‌ವರ್ಡ್ ಕದಿಯುವ ಝಡ್‌ಬಾಟ್ ಎಂದು ಹೇಳಿತು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ತನ್ನದೇ ಅಪ್‌ಡೇಟ್ ಮಾಡುವ ಭಾಗವನ್ನು ಮಾಲ್‌ವೇರ್ ಎಂದು ಹಿಡಿಯಿತು. ಕೆಲವು ಕಂಪ್ಯೂಟರ್‌ಗಳಲ್ಲಿ ಆ ಭಾಗವೇ ಕೈಕೊಟ್ಟಿದ್ದರಿಂದ ತಿದ್ದುಪಡಿ ತಲುಪಿಸುವುದೂ ಕಷ್ಟವಾಯಿತು. ಕ್ರೋಮ್‌ಗೆ ಹೀಗಾದರೆ ಗಂಟೆಗಳಲ್ಲಿ ಸರಿಹೋಗುತ್ತದೆ, ಕೋಟಿಗಟ್ಟಲೆ ಜನ ಕೂಗುತ್ತಾರೆ. ಇನ್ನೂರು ಜನ ಬಳಸುವ ಸಾಫ್ಟ್‌ವೇರ್‌ಗೆ ಹೀಗಾದರೆ ಕೂಗುವವರು ಯಾರು?

ಎಪ್ಪತ್ತರಲ್ಲಿ ಮೂರು ಕೆಂಪು

ಅನುಮಾನ ಬಂದ ಫೈಲನ್ನು ಹೆಚ್ಚಿನವರು ವೈರಸ್‌ಟೋಟಲ್‌ಗೆ ಹಾಕಿ ನೋಡುತ್ತಾರೆ. ಒಳ್ಳೆ ಕೆಲಸ. 2004ರಲ್ಲಿ ಸ್ಪೇನ್‌ನಲ್ಲಿ ಶುರುವಾಗಿ 2012ರಲ್ಲಿ ಗೂಗಲ್ ಕೊಂಡುಕೊಂಡ ಈ ಸೇವೆ, ಫೈಲನ್ನು ಬೇರೆ ಬೇರೆ ಕಂಪನಿಗಳ ಸುಮಾರು ಎಪ್ಪತ್ತು ಆಂಟಿವೈರಸ್ ಎಂಜಿನ್‌ಗಳ ಮುಂದಿಟ್ಟು ಯಾರು ಏನು ಹೇಳಿದರು ಎಂದು ತೋರಿಸುತ್ತದೆ. ಆದರೆ ಇದನ್ನು ಮತ ಎಣಿಕೆಯಂತೆ ಓದಬಾರದು. ಎಪ್ಪತ್ತು ಎಂಜಿನ್ ಅಂದರೆ ಎಪ್ಪತ್ತು ಸ್ವತಂತ್ರ ಅಭಿಪ್ರಾಯ ಅಲ್ಲ. ಜಿ ಡೇಟಾ, ಎಮ್ಸಿಸಾಫ್ಟ್‌ನಂಥ ಆಂಟಿವೈರಸ್‌ಗಳು ತಮ್ಮದರ ಜೊತೆಗೆ ಬಿಟ್‌ಡಿಫೆಂಡರ್ ಎಂಬ ಇನ್ನೊಂದರ ಎಂಜಿನ್ ಬಳಸುತ್ತವೆ. ಬಿಟ್‌ಡಿಫೆಂಡರ್ ತಪ್ಪಿದರೆ ಒಂದೇ ಹೆಸರಿನ ನಾಲ್ಕೈದು ಕೆಂಪು ಸಾಲು ಒಟ್ಟಿಗೆ ಕಾಣುತ್ತದೆ. ಲೆಕ್ಕದಲ್ಲಿ ಅದು ಒಂದೇ.

ಒಬ್ಬರು ಇನ್ನೊಬ್ಬರನ್ನು ನೋಡಿ ಬರೆಯುವುದೂ ಉಂಟು. 2010ರಲ್ಲಿ ಕ್ಯಾಸ್ಪರ್‌ಸ್ಕಿ ಇದನ್ನು ಪರೀಕ್ಷಿಸಿಯೇ ನೋಡಿತು. ಏನೂ ಹಾನಿ ಮಾಡದ 20 ಫೈಲ್ ತಯಾರಿಸಿ, ಅದರಲ್ಲಿ 10ಕ್ಕೆ ಮಾತ್ರ ಬೇಕೆಂದೇ ಮಾಲ್‌ವೇರ್ ಎಂಬ ಗುರುತು ಹಚ್ಚಿತು. ಸುಮಾರು ಹತ್ತು ದಿನದೊಳಗೆ ಬೇರೆ ಕಂಪನಿಗಳು, 14ರವರೆಗೂ, ಅದೇ ಫೈಲ್‌ಗಳನ್ನು ಮಾಲ್‌ವೇರ್ ಎನ್ನತೊಡಗಿದವು.

ಹಾಗಾಗಿ ಯಾರು ಹೇಳಿದ್ದಾರೆ, ಏನು ಹೆಸರು ಕೊಟ್ಟಿದ್ದಾರೆ ಎಂದು ನೋಡಿ. ಹೆಸರು ಕೇಳದ ಎರಡು ಮೂರು ಎಂಜಿನ್‌ಗಳು ಮಾತ್ರ, ಅದೂ ಊಹೆಯ ಹೆಸರುಗಳನ್ನು ಕೊಟ್ಟಿದ್ದರೆ, ಹುಸಿ ಎಚ್ಚರಿಕೆ ಇರುವ ಸಾಧ್ಯತೆಯೇ ಜಾಸ್ತಿ. ಫೈಲ್ ಅಪ್‌ಲೋಡ್ ಮಾಡದೆ ಬರೀ ಅದರ ಹ್ಯಾಶ್ ಹಾಕಿ ಹುಡುಕಲೂಬಹುದು. ನಿಮ್ಮ ಖಾಸಗಿ ದಾಖಲೆಗಳನ್ನಂತೂ ಅಲ್ಲಿ ಅಪ್‌ಲೋಡ್ ಮಾಡಲೇಬೇಡಿ. ಹಾಕಿದ ಫೈಲ್‌ಗಳನ್ನು ಭದ್ರತಾ ಕಂಪನಿಗಳ ಜೊತೆ ಹಂಚಿಕೊಳ್ಳಲಾಗುತ್ತದೆ.

ಹ್ಯಾಶ್ ನೋಡುವುದು ಕಷ್ಟವೇನಲ್ಲ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ 'ಗೆಟ್-ಫೈಲ್‌ಹ್ಯಾಶ್' ಆದೇಶದ ಮುಂದೆ ಫೈಲಿನ ಹೆಸರು ಕೊಟ್ಟರೆ 64 ಅಕ್ಷರಗಳ ಒಂದು ಸಾಲು ಬರುತ್ತದೆ. ಅದು ಎಸ್‌ಎಚ್‌ಎ-256. ಡೆವಲಪರ್ ತಮ್ಮ ತಾಣದಲ್ಲಿ ಪ್ರಕಟಿಸಿದ ಸಾಲಿಗೂ ಇದಕ್ಕೂ ಹೊಂದಿಕೆಯಾದರೆ ದಾರಿಯಲ್ಲಿ ಯಾರೂ ಫೈಲ್ ಬದಲಿಸಿಲ್ಲ ಎಂದರ್ಥ. ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ವೀಡಿಯೊ ಪರಿವರ್ತಕದ ಉದಾಹರಣೆ ಇದೆ. 2017ರ ಮೇ ತಿಂಗಳ ಮೊದಲ ವಾರ ಅದರ ಡೌನ್‌ಲೋಡ್ ಸರ್ವರ್‌ಗಳಲ್ಲಿ ಒಂದಕ್ಕೆ ಯಾರೋ ನುಗ್ಗಿ, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪ್ರೋಟಾನ್ ಎಂಬ ಟ್ರೋಜನ್ ಸೇರಿಸಿದ ಫೈಲ್ ಇಟ್ಟಿದ್ದರು. ಹ್ಯಾಶ್ ಹೋಲಿಸಿದವರಿಗೆ ವ್ಯತ್ಯಾಸ ಕಾಣುತ್ತಿತ್ತು. ಒಂದು ಮಿತಿ ಮಾತ್ರ ನೆನಪಿರಲಿ. ಫೈಲೂ ಹ್ಯಾಶೂ ಒಂದೇ ಸರ್ವರ್‌ನಲ್ಲಿದ್ದರೆ ನುಗ್ಗಿದವರು ಎರಡನ್ನೂ ಬದಲಿಸಬಹುದು. ವಿಂಡೋಸ್ ಫೈಲಾದರೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಟ್ಯಾಬ್ ಇದೆಯೇ, ಅಲ್ಲಿ ನೀವು ನಿರೀಕ್ಷಿಸಿದ ಹೆಸರೇ ಇದೆಯೇ ಎಂದೂ ನೋಡಿ.

ಹುಸಿ ಎಂದು ತಳ್ಳಿದ ಎಚ್ಚರಿಕೆ ನಿಜವಾದಾಗ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಲೇಬೇಕು. 2023ರ ಮಾರ್ಚ್‌ನಲ್ಲಿ 3ಸಿಎಕ್ಸ್ ಎಂಬ ಕಂಪನಿಯ ಫೋನ್ ಸಾಫ್ಟ್‌ವೇರ್ ಮೇಲೆ ಸೆಂಟಿನೆಲ್‌ಒನ್‌ನಂಥ ಭದ್ರತಾ ಸಾಧನಗಳು ಎಚ್ಚರಿಕೆ ಕೊಡತೊಡಗಿದವು. ಅಧಿಕೃತ ಅಪ್‌ಡೇಟ್, ಕಂಪನಿಯದ್ದೇ ಡಿಜಿಟಲ್ ಸಹಿ, ಎಲ್ಲವೂ ಸರಿಯಾಗಿತ್ತು. ಹುಸಿ ಎಚ್ಚರಿಕೆ ಇರಬೇಕು ಎಂದು ಎಷ್ಟೋ ಮಂದಿ ಅಂದುಕೊಂಡರು. ತಿಂಗಳ ಕೊನೆಗೆ ಸತ್ಯ ಹೊರಬಿತ್ತು. ದಾಳಿಕೋರರು ಕಂಪನಿಯ ಒಳಗೇ ನುಗ್ಗಿ, ಸಹಿ ಬೀಳುವುದಕ್ಕೂ ಮೊದಲೇ ಸಾಫ್ಟ್‌ವೇರ್‌ಗೆ ಮಾಲ್‌ವೇರ್ ಸೇರಿಸಿದ್ದರು. 2017ರಲ್ಲಿ ಕಂಪ್ಯೂಟರ್ ಸ್ವಚ್ಛ ಮಾಡುವ ಸಿಕ್ಲೀನರ್ ಎಂಬ ಸಾಫ್ಟ್‌ವೇರ್‌ಗೂ ಹೀಗೇ ಆಗಿತ್ತು. ಸಹಿ ಇದ್ದ ಅಧಿಕೃತ ಫೈಲೇ ಸುಮಾರು 22 ಲಕ್ಷಕ್ಕೂ ಹೆಚ್ಚು ಜನರ ಕಂಪ್ಯೂಟರ್‌ಗೆ ಹಿಂಬಾಗಿಲು ಹೊತ್ತು ಹೋಯಿತು. ಇಂಥ ಕಡೆ ಹ್ಯಾಶ್, ಸಹಿ ಯಾವುದೂ ಕಾಪಾಡುವುದಿಲ್ಲ.

ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಎಚ್ಚರಿಕೆ ಯಾವಾಗ ಬಂತು ಎಂಬುದನ್ನು ನೋಡಿ. ಫೈಲ್ ಇಳಿದ ಕೂಡಲೇ, ಇನ್ನೂ ಓಡಿಸದೇ ಇರುವಾಗ ಬಂದದ್ದು ಅದರ ರೂಪ ನೋಡಿ ಮಾಡಿದ ತೀರ್ಮಾನ. ಓಡುತ್ತಿರುವಾಗ, ಅದು ಮಾಡಿದ ಕೆಲಸ ನೋಡಿ ಬಂದದ್ದು ನಡವಳಿಕೆಯ ಎಚ್ಚರಿಕೆ, ಅದಕ್ಕೆ ಜಾಸ್ತಿ ಬೆಲೆ ಕೊಡಬೇಕು. ತಿಂಗಳುಗಟ್ಟಲೆ ಸುಮ್ಮನಿದ್ದ ಸಾಫ್ಟ್‌ವೇರ್ ಒಂದು ಅಪ್‌ಡೇಟ್ ಆದಮೇಲೆ ಇದ್ದಕ್ಕಿದ್ದಂತೆ ಗೊತ್ತಿಲ್ಲದ ಸರ್ವರ್‌ಗೆ ಮಾತಾಡತೊಡಗಿದರೆ, ಬೇರೆ ಪ್ರೋಗ್ರಾಂ ಒಳಗೆ ಕೈ ಹಾಕಿದರೆ, ನಿಲ್ಲಿಸಿ ಕಾಯುವುದೇ ಸರಿ. ನಡವಳಿಕೆಯ ಎಚ್ಚರಿಕೆಯೂ ತಪ್ಪಬಹುದು. 2022ರ ಸೆಪ್ಟೆಂಬರ್‌ನಲ್ಲಿ ಡಿಫೆಂಡರ್ ಕ್ರೋಮ್, ಡಿಸ್ಕಾರ್ಡ್‌ನಂಥವನ್ನೆಲ್ಲ ಹೀಗೆ ಹಿಡಿದು ಆಮೇಲೆ ತಿದ್ದಿಕೊಂಡಿತು. ಆದರೆ ಒಂದು ದಿನ ಕಾದರೆ ಹೋಗುವುದೇನೂ ಇಲ್ಲ.

ಕಾಯುವುದು ನಿಜಕ್ಕೂ ಒಂದು ಪರೀಕ್ಷೆ. ಫೈಲನ್ನು ಕ್ವಾರಂಟೈನ್‌ನಲ್ಲೇ (ಆಂಟಿವೈರಸ್ ಅದನ್ನು ಓಡದಂತೆ ಕೂಡಿಹಾಕುವ ಜಾಗ) ಬಿಟ್ಟು, ಒಂದೆರಡು ದಿನದ ನಂತರ ಆಂಟಿವೈರಸ್ ಅಪ್‌ಡೇಟ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿ. ಹುಸಿ ಎಚ್ಚರಿಕೆಗಳು ಸಾಮಾನ್ಯವಾಗಿ ಕಡಿಮೆಯಾಗುತ್ತಾ ಹೋಗುತ್ತವೆ. ನಿಜವಾದ ಮಾಲ್‌ವೇರ್ ಆದರೆ ದಿನ ಕಳೆದಂತೆ ಅದನ್ನು ಹಿಡಿಯುವ ಎಂಜಿನ್‌ಗಳು ಹೆಚ್ಚಾಗುತ್ತವೆ.

ಎಲ್ಲ ನೋಡಿದ ಮೇಲೂ ಫೈಲ್ ಸರಿಯಿದೆ ಅನ್ನಿಸಿದರೆ ವಿನಾಯಿತಿ ಕೊಡಿ. ಆದರೆ ಆ ಒಂದು ಫೈಲಿಗೆ ಮಾತ್ರ. ಡೌನ್‌ಲೋಡ್ ಫೋಲ್ಡರ್ ಪೂರ್ತಿ ಹೊರಗಿಟ್ಟರೆ ನಾಳೆ ಬರುವ ಕೆಟ್ಟ ಫೈಲೂ ಅಲ್ಲೇ ಆರಾಮಾಗಿ ಕೂರುತ್ತದೆ. ಜೊತೆಗೆ ಆ ಆಂಟಿವೈರಸ್ ಕಂಪನಿಗೆ ದೂರು ಕೊಡಿ. ಹುಸಿ ಎಚ್ಚರಿಕೆಯ ಬಗ್ಗೆ ತಿಳಿಸಲು ಮೈಕ್ರೋಸಾಫ್ಟ್ ಸೇರಿ ಹೆಚ್ಚಿನ ಕಂಪನಿಗಳಲ್ಲಿ ಪ್ರತ್ಯೇಕ ಫಾರ್ಮ್ ಇದೆ, ಡೆವಲಪರ್ ಅಲ್ಲದವರೂ ತುಂಬಬಹುದು. ಫೈಲ್, ಎಚ್ಚರಿಕೆಯಲ್ಲಿ ಬಂದ ಪೂರ್ತಿ ಹೆಸರು, ಎಲ್ಲಿಂದ ಇಳಿಸಿದಿರಿ ಎಂಬ ವಿಳಾಸ, ಇಷ್ಟು ಕೊಟ್ಟರೆ ಅವರಿಗೆ ಪರಿಶೀಲಿಸಲು ಸಾಕು. ಡೆವಲಪರ್‌ಗೂ ಅದೇ ವಿವರ ಕಳಿಸಿ. ಎಷ್ಟೋ ಸಲ ತಮ್ಮ ಸಾಫ್ಟ್‌ವೇರ್ ಬೇರೆಯವರ ಕಂಪ್ಯೂಟರ್‌ನಲ್ಲಿ ಅಳಿಸಿಹೋಗುತ್ತಿದೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ.